ಬಾಯಿಗೆ ಕೈ ಅಡ್ಡ ಯಾಕೆ?

ಈ ಸಲದ ಪತ್ರಗಳು ಹೆಚ್ಚುಕಡಿಮೆ ಎಲ್ಲವೂ ಹದಿಹರೆಯದವರದು. ಒಂದು ಮಾತ್ರ ಅಮ್ಮನೊಬ್ಬರದು. ಹಲ್ಲುನೋವು ಅಂತ ಬರೆದವರು ಇಲ್ಲವೇ ಇಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆ ಅಂತ ಬರೆದವರು ಮೂವರು. ಹಲ್ಲಿನ ಡಾಕ್ಟರಾಗಿ ನನಗೆ ಇಪ್ಪತ್ತಾರು ವರ್ಷವಾಯಿತು. ಕ್ಲಿನಿಕ್ಕಿನ ಬಾಗಿಲು ದಾಟುವಾಗ ಆ ಕೈ ಎಲ್ಲಿದೆ ಅಂತ ನೋಡಿಯೇ ತೊಂದರೆ ಏನಿರಬಹುದು ಅಂತ ಅರ್ಧ ಊಹಿಸಿಬಿಡುತ್ತೇನೆ. ಹೆಸರು ಬೇಡ ಅಂದವರ ಹೆಸರು ಹಾಕಿಲ್ಲ. ಅಂದರೆ, ಯಾರದೂ ಹಾಕಿಲ್ಲ.

ಪ್ರಶ್ನೆ: ಡಾಕ್ಟರ್ ಆಂಟಿ, ನನಗೆ 14 ವರ್ಷ. ಹಲ್ಲುಜ್ಜುವಾಗ ಕೆಳಗಿನ ಮುಂದಿನ ಹಲ್ಲುಗಳ ಒಸಡಿನಿಂದ ರಕ್ತ ಬರುತ್ತದೆ. ಬ್ರಷ್ ಗಟ್ಟಿಯಾಗಿ ತಾಗುತ್ತಿರಬೇಕು ಅಂತ ಎರಡು ತಿಂಗಳಿಂದ ಅಲ್ಲಿ ಉಜ್ಜುವುದನ್ನೇ ಬಿಟ್ಟಿದ್ದೇನೆ. ಆದರೂ ನಿಂತಿಲ್ಲ. ಈಗ ಸೇಬು ಕಚ್ಚಿದರೂ ಕೆಂಪು ಗುರುತು ಬೀಳುತ್ತದೆ.

ಬಿಟ್ಟಿದ್ದಕ್ಕೇ ನಿಂತಿಲ್ಲ ಮರಿ. ಪೆಟ್ಟಾದ ಜಾಗ ಮುಟ್ಟಬಾರದು ಅನ್ನುವ ಬುದ್ಧಿ ಮಂಡಿಗೆ, ಮೊಣಕೈಗೆ ಸರಿ. ಒಸಡಿಗೆ ಅದು ಉಲ್ಟಾ. ಅಲ್ಲಿ ಪೆಟ್ಟೇ ಆಗಿಲ್ಲ. ಹಲ್ಲು ಮತ್ತು ಒಸಡು ಸೇರುವ ಅಂಚಿನಲ್ಲಿ ತೆಳ್ಳಗೆ ಒಂದು ಅಂಟು ಕೂತಿದೆ. ಉಗುರಿನಿಂದ ಮೆಲ್ಲಗೆ ಕೆರೆದು ನೋಡು, ಬೆಳ್ಳಗೆ ಮೆತ್ತಿಕೊಳ್ಳುತ್ತದೆ. ಅದರ ತುಂಬ ಬ್ಯಾಕ್ಟೀರಿಯಾ. ನಾವು ಪ್ಲಾಕ್ ಅನ್ನುತ್ತೇವೆ. ಅದು ದಿನಗಟ್ಟಲೆ ಅಲ್ಲೇ ಕೂತರೆ ಒಸಡು ಊದುತ್ತದೆ. ಊದಿದ ಒಸಡಿನಲ್ಲಿ ರಕ್ತ ಜಾಸ್ತಿ, ಸುಮ್ನೆ ತಾಗಿದರೂ ಒಸರುತ್ತದೆ. ಜೊತೆಗೆ ನಿನ್ನದು ಹಾರ್ಮೋನು ಏರುವ ವಯಸ್ಸು. ಅಷ್ಟೇ ಪ್ಲಾಕ್ ಇದ್ದರೂ ಎಂಟು ವರ್ಷದವರ ಒಸಡು ಸುಮ್ಮನಿದ್ದೀತು, ಹದಿನಾಲ್ಕರ ಒಸಡು ರೇಗುತ್ತದೆ. ಒಸಡೂ ಹದಿಹರೆಯಕ್ಕೆ ಬರುತ್ತದೆ ಅಂದುಕೋ.

ನಾನೂ ಹದಿನೈದರಲ್ಲಿ ಇದನ್ನೇ ಮಾಡಿದ್ದೆ. ಬೇಸಿನ್ನಿನಲ್ಲಿ ಕೆಂಪು ಕಂಡರೆ ಅಮ್ಮ ಬೈಯುತ್ತಾಳೆ ಅಂತ ನಲ್ಲಿ ಜೋರಾಗಿ ಬಿಟ್ಟು ತೊಳೆದುಬಿಡುತ್ತಿದ್ದೆ. ಕೆಲವು ತಿಂಗಳಲ್ಲಿ ಕೆಳಗಿನ ಹಲ್ಲುಗಳ ಹಿಂದೆ ನಾಲಿಗೆಗೆ ಒಂದು ಒರಟು ಗೋಡೆ ಸಿಗತೊಡಗಿತು. ಜೊಲ್ಲಿನ ಗ್ರಂಥಿಗಳ ಬಾಯಿ ತೆರೆಯುವುದು ಅಲ್ಲೇ, ನಾಲಿಗೆಯ ಅಡಿಯಲ್ಲಿ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಪ್ಲಾಕಿನೊಳಗೆ ಇಳಿದು ಗಟ್ಟಿಯಾಗುತ್ತದೆ. ಅದೇ ಟಾರ್ಟರ್. ಒಮ್ಮೆ ಕಲ್ಲಾದ ಮೇಲೆ ಬ್ರಷ್ಷಿಗೆ ಜಗ್ಗುವುದಿಲ್ಲ. ಡಾಕ್ಟರೇ ಕ್ಲೀನ್ ಮಾಡಬೇಕು.

ಇವತ್ತು ರಾತ್ರಿ ಕನ್ನಡಿ ಮುಂದೆ ಹೋಗು. ಕೆಳತುಟಿ ಕೆಳಗೆ ಎಳೆದು ಹಿಡಿ. ಎರಡು ಹಲ್ಲಿನ ನಡುವೆ ಒಸಡಿನ ಪುಟ್ಟ ತ್ರಿಕೋನ ಕಾಣುತ್ತದೆ. ಚೆನ್ನಾಗಿರುವ ಒಸಡಿನಲ್ಲಿ ಅದರ ತುದಿ ಚೂಪು. ಊದಿದ ಒಸಡಿನಲ್ಲಿ ತುದಿ ಉಬ್ಬಿ, ಮಿರಮಿರ ಹೊಳೆಯುತ್ತದೆ. ಬಣ್ಣಕ್ಕೆ ಹೆದರಬೇಡ. ಕೆಲವರ ಒಸಡು ಹುಟ್ಟಿನಿಂದಲೇ ಕಂದು ಅಥವಾ ಕಪ್ಪು ಛಾಯೆಯದು, ಅದು ಚರ್ಮದ ಬಣ್ಣದ ಹಾಗೆಯೇ. ನೋಡಬೇಕಾದ್ದು ಊತ.

ಮೆತ್ತನೆ ಎಳೆಯ, ಅಂದರೆ ಸಾಫ್ಟ್ ಬ್ರಷ್ ತಗೋ. ಎಳೆಗಳ ಅರ್ಧ ಹಲ್ಲಿನ ಮೇಲೆ, ಅರ್ಧ ಒಸಡಿನ ಅಂಚಿನ ಮೇಲೆ ಬರುವ ಹಾಗೆ ಓರೆಯಾಗಿ ಇಡು. ಜಾಗ ಬಿಟ್ಟು ಕದಲದೆ ಸಣ್ಣಗೆ ನಡುಗಿಸು. ಗರಗಸ ಎಳೆದ ಹಾಗೆ ಎಳೆಯಬೇಡ. ಒಟ್ಟು ಎರಡು ನಿಮಿಷ, ದಿನಕ್ಕೆ ಎರಡು ಸಲ. ಮೊದಲ ನಾಲ್ಕೈದು ದಿನ ರಕ್ತ ಬರುತ್ತದೆ. ಬರಲಿ, ನಿಲ್ಲಿಸಬೇಡ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಆಗದಿದ್ದರೆ ಟಾರ್ಟರ್ ಕಟ್ಟಿರಬಹುದು, ಹಲ್ಲಿನ ಡಾಕ್ಟರ ಹತ್ತಿರ ಹೋಗು. ಇನ್ನೊಂದು ಮಾತು. ಏನೂ ತಾಗದೆಯೂ ರಕ್ತ ಬರುತ್ತಿದ್ದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಕಾಣುತ್ತಿದ್ದರೆ ಎರಡು ವಾರ ಕಾಯಬೇಡ. ತಕ್ಷಣ ನಿಮ್ಮ ಮಾಮೂಲಿ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸು.

ಪ್ರಶ್ನೆ: ಮೇಡಂ, ನನಗೆ 15. ಹಲ್ಲಿಗೆ ಕ್ಲಿಪ್ ಹಾಕಿಸಿ ಐದು ತಿಂಗಳಾಯಿತು. ಊಟ ಆದ ಮೇಲೆ ಎಲ್ಲ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ನಗುವಾಗ ಕೈ ಅಡ್ಡ ಇಡುತ್ತೇನೆ. ಹೇಗೂ ಇನ್ನೊಂದು ವರ್ಷದಲ್ಲಿ ತೆಗೀತಾರಲ್ಲ, ಅಲ್ಲಿವರೆಗೆ ಹೇಗೋ ನಡೆಯುತ್ತೆ ಅಲ್ವಾ?

ನಡೆಯಲ್ಲ. ಕ್ಲಿಪ್ ತೆಗೆದ ದಿನದ ಒಂದು ಸಂಗತಿ ಹೇಳುತ್ತೇನೆ. ಹುಡುಗನಿಗೆ ಹದಿನೇಳು. ಎರಡು ವರ್ಷ ಒಂದು ಅಪಾಯಿಂಟ್‌ಮೆಂಟ್ ತಪ್ಪಿಸಿದವನಲ್ಲ. ಹಲ್ಲುಗಳು ದಾರ ಹಿಡಿದು ಜೋಡಿಸಿದ ಹಾಗೆ ನೇರವಾಗಿದ್ದವು. ಅಂಟು ಕೆರೆದು, ಪಾಲಿಶ್ ಮಾಡಿ, ಕೈಗೆ ಕನ್ನಡಿ ಕೊಟ್ಟೆ. ಪ್ರತಿ ಹಲ್ಲಿನ ಮೇಲೂ ಬ್ರ್ಯಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಇದ್ದ ಚೌಕದ ಸುತ್ತ ಸೀಮೆಸುಣ್ಣದ ಬಣ್ಣದ ಚೌಕಟ್ಟು. ಚೌಕದೊಳಗೆ ಹಲ್ಲು ಚೆನ್ನಾಗಿತ್ತು, ಸುತ್ತ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕರಗಿತ್ತು. ಅವನು ಕನ್ನಡಿ ಕೆಳಗಿಟ್ಟ. ಇನ್ನೊಂದು ಕೈ ಬಾಯಿಗೆ ಹೋಯಿತು. ಎರಡು ವರ್ಷ ಅವನು ಚೆನ್ನಾಗಿ ಉಜ್ಜುತ್ತಿದ್ದಾನೆ ಅಂತ ಅವನ ಮಾತು ನಂಬಿ, ಒಂದು ಸಲವೂ "ನನ್ನೆದುರು ಉಜ್ಜಿ ತೋರಿಸು" ಅನ್ನದವಳು ನಾನೇ. ಈಗ ಕ್ಲಿಪ್ಪಿನವರು ಯಾರೇ ಬಂದರೂ ಮೊದಲು ಬ್ರಷ್ ಕೈಗೆ ಕೊಡುತ್ತೇನೆ.

ನಿನಗೂ ಅದೇ ಪಾಠ. ಬ್ರ್ಯಾಕೆಟ್ಟಿನ ಮೇಲಂಚಿಗೆ ಬ್ರಷ್ ಮೇಲಿಂದ ಓರೆಯಾಗಿ ಇಡು, ಒಂದು ಸುತ್ತು ಮುಗಿಸು. ಆಮೇಲೆ ಕೆಳಗಿಂದ ಓರೆಯಾಗಿ ಇನ್ನೊಂದು ಸುತ್ತು. ಆಮೇಲೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತೆ ಇರುವ ಇಂಟರ್‌ಡೆಂಟಲ್ ಬ್ರಷ್ಷನ್ನು ತಂತಿಯ ಅಡಿಗೆ ತೂರಿಸಿ ಎರಡೆರಡು ಸಲ ಆಡಿಸು. ಮೊದಲ ವಾರ ಹತ್ತು ನಿಮಿಷ ಹಿಡಿಯುತ್ತದೆ, ಸಿಟ್ಟೂ ಬರುತ್ತದೆ. ಆಮೇಲೆ ಐದಕ್ಕೆ ಇಳಿಯುತ್ತದೆ. ಊಟದ ನಂತರ ಬ್ರಷ್ ಮಾಡಲು ಆಗದ ಕಡೆ ನೀರು ಬಾಯಿಗೆ ಹಾಕಿ ಕೆನ್ನೆ ಉಬ್ಬಿಸಿ ಜೋರಾಗಿ ಮುಕ್ಕಳಿಸು. ಸಿಕ್ಕಿಕೊಂಡದ್ದರಲ್ಲಿ ಬಹಳಷ್ಟು ಹೊರಗೆ ಬರುತ್ತದೆ. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಅದಕ್ಕೆಂದೇ ಕೊಡುವ ಮೇಣ ಉಂಡೆ ಮಾಡಿ ಅಂಟಿಸು. ಉಗುರು ಕತ್ತರಿಯಿಂದ ನೀನೇ ಕತ್ತರಿಸುವ ಸಾಹಸ ಬೇಡ. ನುಂಗಿಕೊಂಡವರನ್ನು ನೋಡಿದ್ದೇನೆ.

ತೆಗೆದ ಮೇಲೂ ಕಥೆ ಮುಗಿಯುವುದಿಲ್ಲ. ತಂತಿ ಹಲ್ಲನ್ನು ತಳ್ಳುವ ಕಡೆ ಮೂಳೆ ಕರಗಿ ದಾರಿ ಬಿಡುತ್ತದೆ, ಹಿಂದೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಹಾಗೆ ಹಲ್ಲು ಸರಿಯುತ್ತದೆ. ಆ ಹೊಸ ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಅಷ್ಟರೊಳಗೆ ಬಿಟ್ಟರೆ ಹಲ್ಲು ಹಳೆಯ ಜಾಗಕ್ಕೆ ವಾಪಸ್ ಹೊರಡುತ್ತದೆ. ಅದಕ್ಕೇ ರಿಟೈನರ್, ಅಂದರೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ, ತೆಗೆದು ಹಾಕಬಹುದಾದ ಸಾಧನ. ಊಟಕ್ಕೆ ಕೂರುವಾಗ ಅದನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿಡಬೇಡ. ಕಳೆದುಹೋದ ರಿಟೈನರ್‌ಗಳಲ್ಲಿ ಎಷ್ಟೋ ಹೀಗೇ ಕಸದ ಬುಟ್ಟಿ ಸೇರಿದವು. ಬಿಸಿನೀರಿನಲ್ಲೂ ತೊಳೆಯಬೇಡ, ಆಕಾರ ಕೆಡುತ್ತದೆ.

ಪ್ರಶ್ನೆ: 16 ವರ್ಷದ ಹುಡುಗ. ನನ್ನ ಬಾಯಿ ವಾಸನೆ ಬರುತ್ತದೆ ಅಂತ ಅನುಮಾನ. ಪಕ್ಕದಲ್ಲಿ ಕೂತ ಗೆಳೆಯ ಒಂದು ದಿನ ಮುಖ ತಿರುಗಿಸಿದ. ಅವತ್ತಿನಿಂದ ದಿನಕ್ಕೆ ಮೂರು ಸಲ ಮೌತ್‌ವಾಶ್ ಹಾಕುತ್ತೇನೆ. ಆದರೂ ಸಮಾಧಾನ ಇಲ್ಲ.

ಗೆಳೆಯ ಮುಖ ತಿರುಗಿಸಿದ್ದು ಕಿಟಕಿಯಾಚೆ ಏನೋ ನೋಡಲಿಕ್ಕೂ ಇರಬಹುದು, ಅಲ್ವಾ? ಮೊದಲು ಪರೀಕ್ಷೆ ಮಾಡಿಕೋ. ಅಂಗೈಗೆ ಉಸಿರು ಬಿಟ್ಟು ಮೂಸಿದರೆ ಏನೂ ತಿಳಿಯುವುದಿಲ್ಲ. ಮಣಿಕಟ್ಟಿನ ಒಳಭಾಗವನ್ನು ನಾಲಿಗೆಯಿಂದ ಒಮ್ಮೆ ನೆಕ್ಕು. ಹತ್ತು ಸೆಕೆಂಡ್ ಒಣಗಲಿ. ಈಗ ಮೂಸು. ಹಿಂದಿನ ಎರಡು ದವಡೆ ಹಲ್ಲುಗಳ ನಡುವೆ ಫ್ಲಾಸ್ ದಾರ ಹಾಕಿ ತೆಗೆದು ಅದನ್ನೂ ಮೂಸು. ದಾರ ನಾರುತ್ತಿದ್ದರೆ ಆ ಜಾಗಕ್ಕೆ ಬ್ರಷ್ ತಲುಪುತ್ತಿಲ್ಲ. ಎರಡೂ ಕಡೆ ಏನೂ ಇಲ್ಲದಿದ್ದರೆ ಮನೆಯಲ್ಲಿ ಅಕ್ಕನೋ ಅಣ್ಣನೋ ಇದ್ದರೆ ಕೇಳು. ಅವರು ಮುಲಾಜು ನೋಡುವುದಿಲ್ಲ.

ವಾಸನೆ ಇದ್ದರೆ ಬಹುಪಾಲು ಅದರ ಮೂಲ ಬಾಯಲ್ಲೇ. ಹೊಟ್ಟೆಯಲ್ಲಿ ಅಲ್ಲ. ನಾಲಿಗೆಯ ಹಿಂಭಾಗ ನೋಡು, ಬಿಳಿ ಅಥವಾ ಹಳದಿ ಪೊರೆ ಇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಪ್ರೋಟೀನ್ ಚೂರುಗಳನ್ನು ಕೊಳೆಯಿಸಿ ಗಂಧಕದ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಅನಿಲವೂ ಅದರಲ್ಲಿ ಒಂದು. ಹೆಚ್ಚಿನವರು ನಾಲಿಗೆಯ ಮುಂಭಾಗವನ್ನಷ್ಟೇ ಹೆರೆದು ಸುಮ್ಮನಾಗುತ್ತಾರೆ. ಟಂಗ್ ಕ್ಲೀನರ್ ಹಿಂದಿನವರೆಗೆ ಹೋಗಬೇಕು. ಓಕರಿಕೆ ಬಂದರೆ ಉಸಿರು ಹೊರಗೆ ಬಿಡುತ್ತಾ ಹೆರೆ, ಕಡಿಮೆಯಾಗುತ್ತದೆ.

ಮೌತ್‌ವಾಶ್ ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ, ಅಷ್ಟೇ. ಆಲ್ಕೋಹಾಲ್ ಇರುವಂಥದ್ದಾದರೆ ಬಾಯಿ ಒಣಗಿಸಲೂಬಹುದು. ಒಣ ಬಾಯಿ ಜಾಸ್ತಿ ನಾರುತ್ತದೆ. ಬೆಳಿಗ್ಗೆ ಎದ್ದಾಗ ಎಲ್ಲರ ಬಾಯಿಯೂ ನಾರುವುದು ಅದಕ್ಕೇ, ನಿದ್ದೆಯಲ್ಲಿ ಜೊಲ್ಲು ಉತ್ಪತ್ತಿ ಇಳಿದಿರುತ್ತದೆ. ನೀರು ಕುಡಿ. ಬೆಳಗಿನ ತಿಂಡಿ ಬಿಡಬೇಡ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಅಭ್ಯಾಸ ಇದ್ದರೆ, ಗಂಟಲ ಟಾನ್ಸಿಲ್‌ನಿಂದ ಬಿಳಿ ಕಾಳುಗಳು ಉದುರುತ್ತಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸು.

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಮಗನಿಗೆ 13. ಫುಟ್‌ಬಾಲ್ ಹುಚ್ಚು. ಅವನ ಜೊತೆ ಆಡುವ ಹುಡುಗನೊಬ್ಬನ ಮುಂದಿನ ಹಲ್ಲು ಬೇರುಸಮೇತ ಕಿತ್ತು ಬಂತಂತೆ. ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಹಾಗೇನಾದರೂ ಆದರೆ ಏನು ಮಾಡಬೇಕು?

ನಮಸ್ಕಾರ. ನನ್ನ ತಮ್ಮನದು ಹೀಗೇ ಆಗಿತ್ತು, ಹನ್ನೆರಡನೇ ವಯಸ್ಸಿನಲ್ಲಿ. ಅಲ್ಲಿದ್ದ ದೊಡ್ಡವರೊಬ್ಬರು ಒಳ್ಳೆ ಮನಸ್ಸಿನಿಂದಲೇ ಹಲ್ಲನ್ನು ಸೋಪು ಹಾಕಿ ಬೆಳ್ಳಗೆ ತಿಕ್ಕಿ, ಕಾಗದದಲ್ಲಿ ಸುತ್ತಿ ಅವನ ಜೇಬಿಗಿಟ್ಟರು. ಸಂಜೆ ಮನೆಗೆ ಬಂದು ಪೊಟ್ಟಣ ಬಿಚ್ಚಿ ತೋರಿಸಿದ. ಹಲ್ಲು ಮಿಂಚುತ್ತಿತ್ತು, ಸತ್ತಿತ್ತು.

ಹಲ್ಲಿನ ಬೇರಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಜೀವಕೋಶಗಳ ಪದರ ಇರುತ್ತದೆ. ಹಲ್ಲು ಮತ್ತೆ ಮೂಳೆಗೆ ಕಚ್ಚಿಕೊಳ್ಳಬೇಕಾದರೆ ಆ ಕೋಶಗಳು ಬದುಕಿರಬೇಕು. ಒಣಗಿದರೆ ಒಂದು ಗಂಟೆಯೊಳಗೆ ಹೆಚ್ಚಿನವು ಸಾಯುತ್ತವೆ. ತಿಕ್ಕಿದರೆ ಆಗಲೇ ಹೋದವು. ಆದ್ದರಿಂದ ಹಲ್ಲನ್ನು ಕಚ್ಚುವ ತುದಿಯಲ್ಲಿ ಮಾತ್ರ ಹಿಡಿಯಿರಿ, ಬೇರು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಹತ್ತು ಸೆಕೆಂಡ್ ತೊಳೆದರೆ ಸಾಕು. ಹುಡುಗ ಎಚ್ಚರವಾಗಿದ್ದು ಶಾಂತನಾಗಿದ್ದರೆ ಬಂದ ಗೂಡಿಗೇ, ಮುಂಭಾಗ ಮುಂದಕ್ಕೆ ಬರುವ ಹಾಗೆ, ವಾಪಸ್ ಒತ್ತಿ ಕೂರಿಸಿ. ಕರವಸ್ತ್ರ ಕಚ್ಚಿ ಹಿಡಿಯಲು ಹೇಳಿ. ಓದಲು ಭಯವಾಗುತ್ತದೆ, ಆದರೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಧೈರ್ಯ ಬರದಿದ್ದರೆ ಹಲ್ಲನ್ನು ತಣ್ಣನೆ ಹಾಲಿನಲ್ಲಿ ಹಾಕಿ. ನೀರಿನಲ್ಲಿ ನೆನೆಹಾಕಬೇಡಿ, ಅದು ಆ ಕೋಶಗಳಿಗೆ ಒಗ್ಗುವುದಿಲ್ಲ. ಅರ್ಧ ಗಂಟೆಯೊಳಗೆ ಹಲ್ಲಿನ ಡಾಕ್ಟರ ಮುಂದಿರಬೇಕು. ಇದೆಲ್ಲ ದೊಡ್ಡ ಹಲ್ಲಿಗೆ ಮಾತ್ರ. ಮನೆಯಲ್ಲಿ ಚಿಕ್ಕವರಿದ್ದರೆ ಹಾಲುಹಲ್ಲನ್ನು ಎಂದೂ ವಾಪಸ್ ಕೂರಿಸಬೇಡಿ, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ತಲೆಗೂ ಪೆಟ್ಟಾಗಿ ಎಚ್ಚರ ತಪ್ಪಿದ್ದರೆ, ವಾಂತಿಯಾಗುತ್ತಿದ್ದರೆ ಮೊದಲು ಆಸ್ಪತ್ರೆ, ಹಲ್ಲು ಆಮೇಲೆ.

ಅವನಿಗೆ ಒಂದು ಮೌತ್‌ಗಾರ್ಡ್, ಅಂದರೆ ಆಡುವಾಗ ಹಲ್ಲಿಗೆ ಹಾಕುವ ಕವಚ, ಮಾಡಿಸಿಕೊಡಿ. ಆಮೇಲೆ ನಿದ್ದೆ ಮಾಡಿ.

ಪ್ರಶ್ನೆ: ನಾನು ಸಿಹಿ ಮುಟ್ಟೋದೇ ಇಲ್ಲ. ಆದರೂ ನಾಲ್ಕು ಹಲ್ಲು ಹುಳುಕಾಗಿವೆ ಅಂದರು. ಇದು ಮನೆತನದ ದೋಷ ಇರಬಹುದಾ? ರಾತ್ರಿ ಓದುವಾಗ ಎನರ್ಜಿ ಡ್ರಿಂಕ್ ಮಾತ್ರ ಕುಡೀತೀನಿ. (17 ವರ್ಷ)

"ಮಾತ್ರ" ಅಂದೆಯಲ್ಲ, ಅಲ್ಲೇ ಇದೆ ಉತ್ತರ. ಆ ಡಬ್ಬಿ ತಿರುಗಿಸಿ ಸಕ್ಕರೆ ಎಷ್ಟು ಗ್ರಾಂ ಅಂತ ಓದು. ನಾಲ್ಕರಿಂದ ಭಾಗಿಸು. ಅಷ್ಟು ಚಮಚ.

ಆದರೆ ಎಷ್ಟು ಕುಡಿದೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಕುಡಿದೆ ಅನ್ನುವುದು ಮುಖ್ಯ. ಒಂದು ಗುಟುಕು ಒಳಗೆ ಹೋದರೆ ಬ್ಯಾಕ್ಟೀರಿಯಾ ಕೆಲವೇ ನಿಮಿಷದಲ್ಲಿ ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಪಿಎಚ್, ಅಂದರೆ ಹುಳಿಯ ಅಳತೆ (ಕಡಿಮೆಯಾದಷ್ಟೂ ಹುಳಿ ಜಾಸ್ತಿ), ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮಲ್ ಕರಗತೊಡಗುತ್ತದೆ. ಆಮೇಲೆ ಜೊಲ್ಲು ಬಂದು ಸರಿಮಾಡುತ್ತದೆ, ಅದಕ್ಕೆ ಅರ್ಧ ಗಂಟೆಯೋ ಜಾಸ್ತಿಯೋ ಬೇಕು. ನೀನು ಪುಟಕ್ಕೊಂದು ಗುಟುಕು ಕುಡಿಯುತ್ತಾ ಮೂರು ಗಂಟೆ ಓದಿದರೆ ಜೊಲ್ಲಿಗೆ ಉಸಿರಾಡಲೂ ಬಿಡುವಿಲ್ಲ. ಅದೇ ಡಬ್ಬಿಯನ್ನು ಊಟದ ಜೊತೆ ಐದು ನಿಮಿಷದಲ್ಲಿ ಮುಗಿಸಿದ್ದರೆ ಹಲ್ಲಿಗೆ ಒಂದೇ ಪೆಟ್ಟು. ಸಕ್ಕರೆ ಇಲ್ಲದ ಡಯಟ್ ಪಾನೀಯವೂ ಹುಳಿಯೇ, ಆಮ್ಲ ಅದರಲ್ಲೇ ಇದೆ. ಕುಡಿದ ತಕ್ಷಣ ಹಲ್ಲುಜ್ಜಬೇಡ, ಎನಾಮಲ್ ಆಗ ಮೆತ್ತಗಿರುತ್ತದೆ. ನೀರಿನಲ್ಲಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಡು. ಓದುವ ಮೇಜಿನ ಮೇಲೆ ನೀರಿನ ಬಾಟಲಿ ಇಡು. ಮನೆತನವನ್ನು ಸದ್ಯಕ್ಕೆ ಬಿಟ್ಟುಬಿಡೋಣ.

ಆ ನಾಲ್ಕನ್ನು ಸಣ್ಣದಿರುವಾಗಲೇ ತುಂಬಿಸಿಕೋ. ಉಳಿದ ದವಡೆ ಹಲ್ಲುಗಳ ಗುಳಿಗಳಿಗೆ ಸೀಲಂಟ್, ಅಂದರೆ ಗುಳಿ ಮುಚ್ಚುವ ತೆಳು ಲೇಪ, ಹಾಕಬಹುದಾ ಅಂತಲೂ ಕೇಳು. ಡ್ರಿಲ್ ಬೇಕಿಲ್ಲ, ನೋವೂ ಇಲ್ಲ.

ಪ್ರಶ್ನೆ: ನನ್ನ ಹಲ್ಲು ಹಳದಿ. ತಂಗಿಯ ಹಾಲುಹಲ್ಲು ಬೆಳ್ಳಗಿವೆ. ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿ ಉಜ್ಜಿದರೆ ಒಂದೇ ವಾರದಲ್ಲಿ ಬಿಳಿ ಅಂತ ವಿಡಿಯೋ ನೋಡಿದೆ. ಇದ್ದಿಲಿನ ಪೇಸ್ಟೂ ತಂದಿದ್ದೇನೆ. (16 ವರ್ಷ)

ನಿಂಬೆರಸ ಎನಾಮಲ್ ಕರಗಿಸುತ್ತದೆ, ಪುಡಿ ಅದನ್ನು ಸವೆಸುತ್ತದೆ. ಎನಾಮಲ್ ತೆಳುವಾದಷ್ಟೂ ಅದರ ಕೆಳಗಿನ ಡೆಂಟಿನ್ ಜಾಸ್ತಿ ಕಾಣುತ್ತದೆ. ಡೆಂಟಿನ್ ಬಣ್ಣ ಏನು ಗೊತ್ತಾ? ಹಳದಿ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ, ಅದನ್ನು ಕಟ್ಟಿದ ಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಕೆಲಸ ಮುಗಿಸಿ ಹೋಗಿರುತ್ತವೆ. ಇದ್ದಿಲಿನ ಪೇಸ್ಟಿನ ಡಬ್ಬಿಯ ಮೇಲೆ ಹುಳುಕು ತಡೆಯುವ ಫ್ಲೋರೈಡ್ ಇದೆಯಾ ಅಂತ ನೋಡು. ಹಲವದರಲ್ಲಿ ಇರುವುದಿಲ್ಲ.

ದೊಡ್ಡ ಹಲ್ಲು ಹಾಲುಹಲ್ಲಿಗಿಂತ ಹಳದಿ ಇರುವುದೇ ಸಹಜ. ತಂಗಿಯದೂ ನಾಳೆ ಹಾಗೇ ಆಗುತ್ತದೆ, ಕಾಯುತ್ತಿರು. ಮೇಲಿನ ಕಲೆ ಆದರೆ ಡಾಕ್ಟರ ಹತ್ತಿರ ಒಂದು ಕ್ಲೀನಿಂಗಿನಲ್ಲಿ ಹೋಗುತ್ತದೆ. ಬ್ಲೀಚಿಂಗ್ ಹದಿನೆಂಟರವರೆಗೆ ಬೇಡ. ಯುರೋಪಿಯನ್ ಒಕ್ಕೂಟದಲ್ಲಿ 0.1 ಶೇಕಡಕ್ಕಿಂತ ಜಾಸ್ತಿ ಹೈಡ್ರೋಜನ್ ಪೆರಾಕ್ಸೈಡ್ ಇರುವ ಬ್ಲೀಚನ್ನು 18ರ ಒಳಗಿನವರಿಗೆ ಬಳಸುವಂತೆಯೇ ಇಲ್ಲ.

ಪ್ರಶ್ನೆ: ಫ್ಲೋರೈಡ್ ವಿಷ ಅಂತಾರಲ್ಲ, ಬಿಡಬೇಕಾ?

ಬಿಡಬೇಡ. ಇದರ ಕಥೆ ನನಗಿಷ್ಟ. 1901ರಲ್ಲಿ ಫ್ರೆಡೆರಿಕ್ ಮೆಕೆ ಅನ್ನುವ ಎಳೆಯ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಹೋದ. ಅಲ್ಲಿ ಬಹಳ ಜನರ ಹಲ್ಲು ಕಂದು ಕಲೆ ಕಲೆ. ನೋಡಲು ಚೆನ್ನಾಗಿರಲಿಲ್ಲ, ಆದರೆ ಹುಳುಕು ಕಡಿಮೆ. ಕಾರಣ ಕುಡಿಯುವ ನೀರಿನ ಫ್ಲೋರೈಡ್ ಅಂತ ಗೊತ್ತಾಗಲು 1931 ಬಂತು. ಅಂದರೆ ಜಾಸ್ತಿಯಾದರೆ ಕಲೆ, ಹದದಲ್ಲಿದ್ದರೆ ರಕ್ಷಣೆ. ಆ ಕಲೆ ಬೀಳುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಪುಟ್ಟ ವಯಸ್ಸಿನಲ್ಲಿ. ಹೊರಗೆ ಬಂದ ಹಲ್ಲಿಗೆ ಪೇಸ್ಟಿನಿಂದ ಬೀಳುವುದಿಲ್ಲ. ಫ್ಲೋರೈಡ್ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಇರುವ ಪೇಸ್ಟ್ ನೋಡಿ ತಗೋ. ಉಜ್ಜಿದ ಮೇಲೆ ನೊರೆ ಉಗಿ, ನುಂಗಬೇಡ. ನೀರು ಹಾಕಿ ಬಾಯಿ ತೊಳೆಯಲೂ ಬೇಡ, ಹಚ್ಚಿದ್ದೆಲ್ಲ ತೊಳೆದುಹೋಗುತ್ತದೆ. ಮೊದಲ ಎರಡು ದಿನ ವಿಚಿತ್ರ ಅನ್ನಿಸುತ್ತದೆ.

ಪ್ರಶ್ನೆ: ವೇಪ್‌ನಲ್ಲಿ (ಇ-ಸಿಗರೇಟ್) ಹೊಗೆ ಇಲ್ಲ. ನನ್ನ ಒಸಡಿನಿಂದ ಒಂದು ಹನಿ ರಕ್ತವೂ ಬರಲ್ಲ. ಹಾಗಾದರೆ ಸರಿ ತಾನೆ?

ರಕ್ತ ಬರದಿರುವುದೇ ಮೋಸ ಇರಬಹುದು. ನಿಕೋಟಿನ್ ರಕ್ತನಾಳ ಬಿಗಿಮಾಡುತ್ತದೆ. ಒಸಡು ಒಳಗೆ ಕೆಡುತ್ತಿದ್ದರೂ ಹೊರಗೆ ಕೂಗಿ ಹೇಳುವುದಿಲ್ಲ. ಮೇಲಿನ ಹದಿನಾಲ್ಕರ ಹುಡುಗಿ ನಿನಗಿಂತ ಪುಣ್ಯವಂತೆ, ಅವಳ ಒಸಡಾದರೂ ಸುಳಿವು ಕೊಟ್ಟಿದೆ.

ಪ್ರಶ್ನೆ: 18 ವರ್ಷ. ಬುದ್ಧಿ ಹಲ್ಲು ಅರ್ಧ ಬಂದಿದೆ. ಕೀಳಿಸಲೇಬೇಕಾ?

ನೆಟ್ಟಗೆ ಬರುತ್ತಿದ್ದು, ಬ್ರಷ್ ತಲುಪುತ್ತಿದ್ದರೆ ಅದರ ಪಾಡಿಗೆ ಬಿಡು. ಓರೆಯಾಗಿ ಮುಂದಿನ ಹಲ್ಲಿಗೆ ಒರಗಿದ್ದರೆ, ಅದರ ಮೇಲೆ ಕವಿದ ಒಸಡಿನ ಮಡಿಕೆ ಪದೇಪದೇ ಊದಿ ಕೀವಾಗುತ್ತಿದ್ದರೆ ತೆಗೆಸು. ಎಕ್ಸ್‌ರೇ ನೋಡದೆ ಯಾರು ಹೇಳಿದರೂ ಅದು ಊಹೆ, ನಾನು ಹೇಳಿದರೂ.

ಪ್ರಶ್ನೆ: 16. ನಾಲ್ಕು ವರ್ಷದಿಂದ ಹಲ್ಲಿನ ಡಾಕ್ಟರ ಹತ್ತಿರ ಹೋಗಿಲ್ಲ. ಸೂಜಿ ಭಯ. ಅದಕ್ಕಿಂತ ಜಾಸ್ತಿ, ಬಾಯಿ ತೆರೆದರೆ ಏನಂತಾರೋ ಅನ್ನುವ ನಾಚಿಕೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲು ನಾಚಿಕೆಯ ಮಾತು. ನನ್ನಂಥವರು ದಿನಕ್ಕೆ ಹದಿನೈದು ಇಪ್ಪತ್ತು ಬಾಯಿ ನೋಡುತ್ತೇವೆ. ನಿನ್ನದು ಅದರಲ್ಲಿ ಕೆಟ್ಟದ್ದಾಗಿರಲಾರದು. ಬೈಯುವ ಡಾಕ್ಟರುಗಳು ಇಲ್ಲ ಅಂತ ಹೇಳಲಾರೆ, ಇದ್ದಾರೆ. ಬೈದರೆ ಎದ್ದು ಬಂದು ಬೇರೆಯವರ ಹತ್ತಿರ ಹೋಗು.

ಫೋನಿನಲ್ಲಿ ಟೈಮ್ ಕೇಳುವಾಗಲೇ "ನನಗೆ ಹೆದರಿಕೆ, ಮೊದಲ ಸಲ ನೋಡಿ ಬಿಡಿ, ಕೆಲಸ ಬೇಡ" ಅನ್ನು. ಹಾಗೆ ಕೇಳುವ ಹಕ್ಕು ನಿನಗಿದೆ. ಮೊದಲ ದಿನ ಒಂದು ಪುಟ್ಟ ಕನ್ನಡಿ, ಒಂದು ತೆಳ್ಳನೆ ಕಡ್ಡಿ, ಬೇಕಾದರೆ ಎಕ್ಸ್‌ರೇ. ಹತ್ತು ನಿಮಿಷ. ಸೂಜಿ ಬೇಕಾದ ದಿನ ಮೊದಲು ಒಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಲು ಹೇಳು. ಹಚ್ಚಿ ಒಂದೆರಡು ನಿಮಿಷ ಕಾಯಬೇಕು, ಅವಸರದಲ್ಲಿ ಕೆಲವರು ಕಾಯುವುದಿಲ್ಲ. ಕಾಯಿಸು. ಔಷಧಿ ನಿಧಾನವಾಗಿ ಬಿಟ್ಟಷ್ಟೂ ನೋವು ಕಡಿಮೆ, ಅದನ್ನೂ ಕೇಳಬಹುದು.

ಬಾಯಿ ತೆರೆದಿರುವಾಗ ಮಾತಾಡಲು ಆಗುವುದಿಲ್ಲವಲ್ಲ, ಅದಕ್ಕೆ ಮೊದಲೇ ಒಂದು ಒಪ್ಪಂದ ಮಾಡಿಕೋ. ಕೈ ಎತ್ತಿದರೆ ನಿಲ್ಲಿಸಬೇಕು. ಎಡಗೈ ಎತ್ತು. ಬಲಗಡೆ ಸಾಮಾನ್ಯವಾಗಿ ನಾವು ಕೂತಿರುತ್ತೇವೆ, ಕೈಯಲ್ಲಿ ಡ್ರಿಲ್ ಇರುತ್ತದೆ.